ನಮ್ಮತ್ತೆ ಸಡಿಲಿಸಿದ ಈಜುಡುಗೆ

ಸರಿಯಾಗಿ ಕೂರದ ಬಟ್ಟೆ ಕಂಡರೆ ನಮ್ಮತ್ತೆಗೆ ಕೈ ತುರಿಸುತ್ತದೆ. ಬಸ್ಸಿನಲ್ಲಿ ಮುಂದೆ ನಿಂತವರ ಭುಜದ ಹೊಲಿಗೆ ಓರೆಯಾಗಿದ್ದರೆ ಇಳಿಯುವ ತನಕ ಅವರಿಗೆ ಸಮಾಧಾನವಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಅರ್ಧ ಬೀದಿಗೆ ಬಟ್ಟೆ ಹೊಲಿದವರು. ನಾನು ಸೊಸೆಯಾಗಿ ಬಂದ ವಾರದಲ್ಲೇ ನನ್ನ ಬಟ್ಟೆಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಿಟ್ಟರು. ಉರಿದುಬಿದ್ದೆ. ಆಮೇಲೆ ಹಾಕಿಕೊಂಡು ನೋಡಿ ಬಾಯಿ ಮುಚ್ಚಿಕೊಂಡೆ.

ಮಂಡಿ ನೋವಿಗೆ ಡಾಕ್ಟರು ನೀರಿಗಿಳಿಯಿರಿ ಎಂದರೆಂದು ಐವತ್ತು ದಾಟಿದ ಮೇಲೆ ಈಜು ಕಲಿತರು. ನೋವು ಹೋಯಿತು, ಈಜು ಹೋಗಲಿಲ್ಲ. ಬರಬರುತ್ತ ಹಿರಿಯರ ಸ್ಪರ್ಧೆಗಳಿಗೂ ಹೆಸರು ಕೊಡತೊಡಗಿದರು. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾದ ಮಾವ ಮಾತ್ರ ಒಂದು ದಿನವೂ ಕೊಳದ ಕಡೆ ತಲೆ ಹಾಕಲಿಲ್ಲ. "ನಿಮ್ಮತ್ತೆ ಮೀನಾಗೋಕೆ ಹೊರಟಿದ್ದಾಳೆ" ಎಂದು ನನ್ನ ಮುಂದೆ ತಮಾಷೆ ಮಾಡುವರು. ಅತ್ತೆಯೂ ನಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಯಾಕೆಂದರೆ ಆ ನಗು ಎಂಥದೆಂದು ನನಗೆ ಗೊತ್ತಿತ್ತು. ಒಮ್ಮೆ ಬಟ್ಟೆ ಕತ್ತರಿಸುತ್ತ ಅವರೇ ಬಾಯಿಬಿಟ್ಟಿದ್ದರು: "ಪದಕ ಗಿದಕ ಬೇಡ ಕಣೆ. ಈ ಮನುಷ್ಯ ಒಂದ್ಸಲ ಬಂದು ನಾನು ಈಜೋದು ನೋಡಿದ್ರೆ ಸಾಕು."

ಅಂಥ ಮಾವ ಈ ಸಲ ಸ್ಪರ್ಧೆಗೆ ಮುಂಚೆ ಒಂದು ಪೊಟ್ಟಣ ತಂದು ಹೊಲಿಗೆ ಮೆಷಿನ್ನಿನ ಮೇಲಿಟ್ಟರು. ವೇಗದ ಈಜುಗಾರರು ತೊಡುವ ಹೊಸ ಬಗೆಯ ಈಜುಡುಗೆ. ಕಪ್ಪು ಬಣ್ಣ, ಪಕ್ಕದಲ್ಲಿ ಕೆಂಪು ಪಟ್ಟಿ. ಮೈಯನ್ನು ಒತ್ತಿ ಹಿಡಿದು ನೀರಿನಲ್ಲಿ ಸರ್ರನೆ ಜಾರುವಂತೆ ಮಾಡುತ್ತದಂತೆ.

"ನಾನೂ ಬರ್ತೀನಿ ನೋಡೋಕೆ," ಎಂದರು, ಮುಖ ಬೇರೆ ಕಡೆ ತಿರುಗಿಸಿಕೊಂಡು. ಅತ್ತೆಯ ಕಣ್ಣು ತುಂಬಿತು.

ಕೋಣೆಗೆ ಹೋಗಿ ಹಾಕಿಕೊಂಡರೆ ಅದು ತೊಡೆಯಿಂದ ಮೇಲೇರಲೊಲ್ಲದು. ನಾನೂ ಹಿಡಿದೆಳೆದೆ, ಬೆರಳು ನೋಯಿತೇ ಹೊರತು ಬಟ್ಟೆ ಜಗ್ಗಲಿಲ್ಲ.

"ಬಿಗಿಯಾಗೇ ಇರಬೇಕು ಅಂದ ಕಣೆ ಅಂಗಡಿಯವನು!" ಮಾವ ಬಾಗಿಲಾಚೆಯಿಂದ ಕೂಗಿದರು.

"ಇನ್ನೇನು ಹೇಳ್ತಾನೆ? ಇರೋ ಸೈಜು ಸಾಗಿಸಬೇಕಲ್ಲ," ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಪಾಪ, ಅಳತೆ ತಪ್ಪಿ ತಂದಿದ್ದಾರೆ. ಹೇಳಬೇಡ, ಬೇಜಾರು ಮಾಡ್ಕೋತಾರೆ."

ಮಾವ ಇಲ್ಲದ ಹೊತ್ತು ನೋಡಿ ಎರಡೂ ಪಕ್ಕ ಬಿಚ್ಚಿದರು. "ನೋಡೇ, ಹೊಲಿದೇ ಇಲ್ಲ, ಅಂಟಿಸಿಬಿಟ್ಟಿದ್ದಾರೆ! ಸೋಮಾರಿಗಳು!" ಎಂದು ಬೈಯುತ್ತಲೇ ಕಪ್ಪು ಬಟ್ಟೆಯ ತುಂಡು ಸೇರಿಸಿ ಹೊಲಿದರು. ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು, ಅಷ್ಟು ಚೆಂದ.

ಸ್ಪರ್ಧೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ದೊಡ್ಡ ಹೋರಾಟವೇ ನಡೆದಿತ್ತು. ಒಬ್ಬೊಬ್ಬರ ಉಡುಗೆ ಎಳೆಯಲು ಇಬ್ಬಿಬ್ಬರು. ಅಂಥದ್ದೇ ಕೆಂಪು ಪಟ್ಟಿಯ ಉಡುಗೆ ತಂದಿದ್ದ ಗಣಿತದ ಟೀಚರೊಬ್ಬರು ಬೆಂಚಿನ ಮೇಲೆ ಮಲಗಿ ಉಸಿರು ಬಿಗಿಹಿಡಿದಿದ್ದರು. ನಮ್ಮತ್ತೆ ಕಣ್ಣು ಮಿಟುಕಿಸುವುದರಲ್ಲಿ ತೊಟ್ಟು ನಿಂತರು.

"ನಿಮಗೆ ಹೇಗ್ರೀ ಇಷ್ಟು ಸಲೀಸಾಗಿ ಬಂತು?" ಟೀಚರು ಕೇಳಿದರು.

"ಪಕ್ಕ ಸಡಿಲಿಸಿದೆ. ನಿಮ್ಮದೂ ಕೊಡಿ ಆಮೇಲೆ, ಹೊಲಿದುಕೊಡ್ತೀನಿ," ಅತ್ತೆ ಬೀಗಿದರು.

ಬಾಗಿಲಲ್ಲಿ ಎಲ್ಲರ ಉಡುಗೆ ಪರೀಕ್ಷಿಸುತ್ತಿದ್ದ ಮಹಿಳೆಯ ಕಿವಿಗೆ ಅದು ಬಿತ್ತು. ಬಂದು ಪಕ್ಕ ಸವರಿ ನೋಡಿದರು. "ಅಮ್ಮಾ, ನಿಯಮದ ಪ್ರಕಾರ ಇದಕ್ಕೆ ಸೂಜಿ ತಾಗಿಸೋ ಹಾಗಿಲ್ಲ. ಬಿಗಿ ಇರೋದೇ ಇದರ ಗುಣ. ಇದನ್ನ ಹಾಕ್ಕೊಂಡು ಇಳಿಯೋಕೆ ಬಿಡಲ್ಲ."

ಅತ್ತೆ ಇಂಗು ತಿಂದ ಮಂಗನ ಹಾಗಾದರು. "ಸರಿಯಾದದ್ದನ್ನೇ ತಂದಿದ್ರಲ್ಲೇ ಅವರು," ಎಂದಷ್ಟೇ ಹೇಳಿ, ಚೀಲದಲ್ಲಿದ್ದ ಹಳೆಯ ನೀಲಿ ಉಡುಗೆ ತೊಟ್ಟು ಹೋದರು. ಆರು ಜನರಲ್ಲಿ ಐದನೆಯವರಾಗಿ ದಡ ಮುಟ್ಟಿದರು.

ನಾನು ಮೆಟ್ಟಿಲೇರಿ ಮಾವನ ಬಳಿ ಹೋದೆ. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. "ನೋಡಿದ್ಯಾ! ನಿಮ್ಮತ್ತೆ ಫಸ್ಟು!"

ಅವರು ಬೆರಳು ಮಾಡಿದ್ದು ಗಣಿತದ ಟೀಚರ ಕಡೆಗೆ. ಟೋಪಿ, ಈಜುಗನ್ನಡಕ ಹಾಕಿದ ಮೇಲೆ ಎಲ್ಲರ ತಲೆಯೂ ಒಂದೇ. ಮಾವ ತಾವು ತಂದ ಬಟ್ಟೆಯನ್ನೇ ಗುರುತಿಟ್ಟುಕೊಂಡು ನೋಡಿದ್ದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಟವೆಲು ಹೊದ್ದು ಬಂದರು. ಮಾವ ಆ ನೀಲಿ ಉಡುಗೆ ನೋಡಿದರು, ಕೊಳ ನೋಡಿದರು. ಅತ್ತೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು.

"ಹಾಗಾದ್ರೆ ನೀನೆಲ್ಲಿದ್ದೆ?"

"ಗೋಡೆ ಪಕ್ಕದ ಸಾಲಲ್ಲಿ."

"ಆ ಕಡೆ ನೋಡ್ಲೇ ಇಲ್ಲ ಕಣೆ ನಾನು," ಮಾವನ ದನಿ ಇಳಿಯಿತು.

ಅತ್ತೆ ತುಟಿ ಕಚ್ಚಿಕೊಂಡರು. ಆಮೇಲೆ ಮಾವನ ತೋಳು ಹಿಡಿದು ಪಕ್ಕದ ಅಭ್ಯಾಸದ ಕೊಳಕ್ಕೆ ದರದರ ಎಳೆದುಕೊಂಡು ಹೋದರು. "ಇಲ್ಲಿ ನಿಂತ್ಕೊಳ್ಳಿ. ಬಟ್ಟೆ ನೋಡಬೇಡಿ, ನನ್ನ ನೋಡಿ," ಎಂದವರೇ ನೀರಿಗಿಳಿದರು.

ಅವಸರವಿಲ್ಲದೆ ಆ ದಡ ಮುಟ್ಟಿ ತಿರುಗಿ ಬಂದರು. ಹಳೆಯ ಬಟ್ಟೆ ಬೆನ್ನ ಮೇಲೆ ಉಬ್ಬುತ್ತಿತ್ತು. ಮಾವ ಚಪ್ಪಾಳೆ ತಟ್ಟಲಿಲ್ಲ. ನೀರು ಷೂ ತೋಯಿಸುತ್ತಿದ್ದರೂ ನಿಂತಲ್ಲಿಂದ ಕದಲಲಿಲ್ಲ.

"ದಿನಾ ಬೆಳಿಗ್ಗೆ ಎದ್ದು ಬರ್ತಿದ್ದದ್ದು ಇದಕ್ಕಾ?" ಎಂದು ಕೇಳಿದರು.

ಅತ್ತೆ ದಡ ಹಿಡಿದು ಏದುಸಿರು ಬಿಡುತ್ತ ತಲೆಯೆತ್ತಿದರು. "ಹೂಂ. ಇದಕ್ಕೇ."

"ಇನ್ನೊಂದ್ಸಲ ಹೋಗಿ ಬಾ," ಎಂದರು ಮಾವ.