ಮಾಮಿಯ ಮೂರು ಸ್ಟಾಪು

ನನ್ನ ಮಾಮಿ, ಅಂದರೆ ಗಂಡನ ತಾಯಿ, ಮಾರ್ಕೆಟ್ಟಿನಲ್ಲಿ ಬಂಗುಡೆ ಮೀನಿನ ಬುಟ್ಟಿ ಮುಂದಿಟ್ಟು ಕೂಗಿದರೆ ರಸ್ತೆಯಾಚೆಯ ಬಸ್ ಕಂಡಕ್ಟರನೂ ತಿರುಗಿ ನೋಡಬೇಕು. ಮೂವತ್ತು ವರ್ಷ ಆ ಗಂಟಲೇ ನಮ್ಮ ಮನೆಗೆ ಅನ್ನ ಹಾಕಿದ್ದು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಕ್ಯಾನ್ಸರ್ ಬಂದದ್ದು ಶ್ವಾಸಕೋಶಕ್ಕೆ. "ಸೇದುತ್ತಿದ್ದರಾ?" ಎಂದು ಕೇಳದ ನೆಂಟರಿಲ್ಲ. ಒಮ್ಮೆ ಮಾಮಿ ರೇಗಿ ಒಬ್ಬಾಕೆಗೆ, "ಹೌದು ಮಾರಾಯ್ತಿ, ನಿನ್ನ ಗಂಡನೇ ತಂದು ಕೊಡ್ತಿದ್ದದ್ದು" ಎಂದುಬಿಟ್ಟರು. ಆ ಒಂದು ಮಾತಿಗೆ ಐದು ನಿಮಿಷ ಏದುಸಿರು ಬಿಟ್ಟರು.

ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಮದ್ದಿಲ್ಲದ ಉಪಾಯ ಕಲಿಸಿಕೊಟ್ಟಳು. ಮೂಗಿನಿಂದ ಎಳೆದ ಉಸಿರನ್ನು ಬಿಸಿ ಗಂಜಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಬೇಕು. ನಾಲ್ಕು ಹೆಜ್ಜೆ ನಡೆದು ಕೂರಬೇಕು, ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಗೆ ಊರಬೇಕು, ಮುಖಕ್ಕೆ ಸಣ್ಣ ಕೈಫ್ಯಾನಿನ ಗಾಳಿ ಹಿಡಿಯಬೇಕು. ಮಾಮಿಗೆ ಬೇಕಿದ್ದದ್ದು ಒಂದೇ, ಯಾರ ಕೈಯೂ ಹಿಡಿಯದೆ ಕಕ್ಕಸಿಗೆ ಹೋಗಿ ಬರುವುದು. ಮಂಚದಿಂದ ಅಲ್ಲಿಯವರೆಗೆ ಮೂರು ಪ್ಲಾಸ್ಟಿಕ್ ಸ್ಟೂಲು ಇಡಿಸಿದರು. ಅವಕ್ಕೆ ಊರಿನ ಬಸ್ ಸ್ಟಾಪುಗಳ ಹೆಸರಿಟ್ಟರು: ಮೊದಲನೆಯದು ಕುದ್ರೋಳಿ, ನಡುವಿನದು ಹಂಪನಕಟ್ಟೆ, ಕೊನೆಯದು ಕೊಡಿಯಾಲ್‌ಬೈಲ್. ನಾನು ಕೈ ಹಿಡಿಯಲು ಹೋದರೆ, "ನೀನು ಅಡ್ಡ ಬರ್ಬೇಡ ಮಾರಾಯ್ತಿ, ಬಸ್ಸಿಗೆ ಟೈಮ್ ಉಂಟು" ಎನ್ನುತ್ತಿದ್ದರು. ಹೋಗಿ ಬರಲು ಕಾಲು ಗಂಟೆ ಹಿಡಿಯುತ್ತಿತ್ತು. ಮರಳಿ ಮಂಚ ಹತ್ತಿದಾಗ ಅವರ ಮುಖ ನೋಡಬೇಕಿತ್ತು, ಬುಟ್ಟಿ ಪೂರ್ತಿ ಖಾಲಿ ಮಾಡಿ ಬಂದವರ ಹಾಗೆ.

ಒಂದು ಭಾನುವಾರ ನನ್ನ ಆಫೀಸಿನ ನಾಲ್ವರು ಅವರನ್ನು ನೋಡಲು ಕಿತ್ತಳೆ, ಬ್ರೆಡ್ಡು ಹಿಡಿದು ಬಂದರು. ಕುರ್ಚಿ ಸಾಲಲಿಲ್ಲ. ಆಫೀಸಿನವರ ಮುಂದೆ ನನ್ನ ಮರ್ಯಾದೆ ನನಗೆ ದೊಡ್ಡದಾಗಿತ್ತು. ಆ ಮೂರು ಸ್ಟೂಲುಗಳನ್ನೇ ಎಳೆದು ತಂದು, ಒರೆಸಿ, "ಕೂತ್ಕೊಳ್ಳಿ" ಎಂದೆ. ಮಾಮಿ ನನ್ನನ್ನೇ ನೋಡಿದರು. ನಾನು ಚಹಾ ಮಾಡಲು ಒಳಗೆ ಹೋದೆ.

ರೋಗಿಯನ್ನು ನೋಡಲು ಬಂದವರು ನಮ್ಮಲ್ಲಿ ಬೇಗ ಏಳುವುದಿಲ್ಲ. ಬಂದವರನ್ನು ಏಳಿ ಎನ್ನುವ ಹೆಂಗಸೂ ಅಲ್ಲ ಮಾಮಿ. ತಡೆಯುವಷ್ಟು ತಡೆದು, ಕೊನೆಗೆ ಎದ್ದು ಗೋಡೆ ಹಿಡಿದು ನಡೆದರು. ಅರ್ಧ ದಾರಿಯಲ್ಲಿ ಉಸಿರು ಸಿಕ್ಕಲಿಲ್ಲ. ನಾನು ಟ್ರೇ ಹಿಡಿದು ಬರುವಾಗ ನೆಲದ ಮೇಲೆ ಕುಸಿದು ಕೂತಿದ್ದರು. ಸೀರೆ ಒದ್ದೆಯಾಗಿತ್ತು. ನಾಲ್ವರೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಸಂಜೆ ಸ್ಟೂಲುಗಳನ್ನು ಮೊದಲಿನ ಜಾಗದಲ್ಲೇ ಇಟ್ಟು, "ತಪ್ಪಾಯ್ತು ಮಾಮಿ" ಎಂದೆ. ಅವರು ಆಚೆ ತಿರುಗಿ ಮಲಗಿದ್ದರು.

"ಇನ್ನು ಎಂತಕ್ಕೆ ಅದು? ತೆಗೆದಿಡು. ಬಂದವರಿಗೆ ಬೇಕಾಗ್ತದೆ."

ಆಮೇಲೆ ಅವರು ಮಂಚದಿಂದ ಇಳಿಯಲೇ ಇಲ್ಲ. ನಾನು ಡೈಪರ್ ಬದಲಿಸುವಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೂರನೆಯ ವಾರ ಹೋದರು. ಮಣ್ಣಿಗೆ ಬಂದವರೆಲ್ಲ ನನ್ನ ಕೈ ಹಿಡಿದು, "ಹೆತ್ತ ಮಗಳೂ ಇಷ್ಟು ಚೆನ್ನಾಗಿ ನೋಡಿಕೊಳ್ಳಲಿಕ್ಕಿಲ್ಲ" ಎಂದರು. ನಾನು ಆ ಮೂರು ಸ್ಟೂಲುಗಳನ್ನು ಒರೆಸಿ ಅವರಿಗೆ ಕೂರಲು ಕೊಟ್ಟೆ.