ಸಂಸದರ ಮಾತಿಗೊಂದು ಸಾವಿನ ಚೀಟಿ

ಕೊಟ್ಟ ಮಾತೊಂದು ಸತ್ತರೆ, ಸತ್ತ ತಾರೀಕು ಯಾವುದೆಂದು ಬರೆಯಬೇಕು? ಬಲ್ಗೇರಿಯಾದ ವ್ರೆಲೊವೊ ಊರಿನ ಬಸ್ ನಿಲ್ದಾಣದ ಎದುರಿನ ಪುಟ್ಟ ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಗಳಿಂದ, ಸತ್ತವರ ಸುದ್ದಿ ತಿಳಿಸಲು ಬೀದಿಯಲ್ಲಿ ಅಂಟಿಸುವ ಸಾವಿನ ಚೀಟಿಗಳನ್ನು ಅಚ್ಚು ಹಾಕುತ್ತ ಬಂದಿದ್ದ ನೈಡೆನ್‌ಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಮನುಷ್ಯರ ವಿಷಯದಲ್ಲೇ ಅದು ಸುಲಭವಲ್ಲವೆಂದು ಅವನು ಓದಿದ್ದ. ಉಸಿರು ನಿಂತ ಮೇಲೂ ಕೆಲವು ಜೀವಕೋಶಗಳು ಗಂಟೆಗಟ್ಟಲೆ ತಮ್ಮ ಕೆಲಸ ನಡೆಸಿಕೊಂಡು ಹೋಗುತ್ತವೆ. ಸಾವು ಒಂದು ಕ್ಷಣವಲ್ಲ, ಒಂದು ಇಳಿಜಾರು. ಆದರೆ ಕಪ್ಪು ಅಂಚಿನ ಹಾಳೆಯಲ್ಲಿ ಇಳಿಜಾರಿಗೆ ಜಾಗವಿಲ್ಲ. ಅಲ್ಲಿ ಒಂದೇ ತಾರೀಕು ಬೇಕು.

ಪ್ರಶ್ನೆ ತಂದವಳು ವೆನೆತಾ. ಊರಿನ ಆರೋಗ್ಯಧಾಮದ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ಬಿಸಿನೀರಿನ ಬುಗ್ಗೆಯ ಉಷ್ಣತೆಯನ್ನೂ ಲವಣಗಳನ್ನೂ ಅಳೆದು ನಿವೃತ್ತಳಾದವಳು. ಎಪ್ಪತ್ತೊಂದರ ವಯಸ್ಸು, ಗಿಡ್ಡ ದೇಹ, ಗಂಡಸರ ಕೈಗಡಿಯಾರ. ಊರಿಗೆಲ್ಲ ಅವಳು ಚಿಕ್ಕಮ್ಮ.

"ಯಾರು ಹೋದ್ರು ಚಿಕ್ಕಮ್ಮ?" ಎಂದು ನೈಡೆನ್ ಮಾಮೂಲಿನಂತೆ ದನಿ ತಗ್ಗಿಸಿ ಕೇಳಿದ್ದ.

"ಯಾವೊರ್ ಕಲ್ಪಾಕೊವ್‌ನ ಮಾತು."

ಕಲ್ಪಾಕೊವ್ ಆ ಜಿಲ್ಲೆಯ ಸಂಸದ, ಅದೇ ಊರಿನವನು. ಚುನಾವಣೆಗೆ ಹನ್ನೊಂದು ದಿನ ಮುಂಚೆ ಚೌಕದ ನಲ್ಲಿಯ ಪಕ್ಕದಲ್ಲಿ ನಿಂತು, ಈ ಬುಗ್ಗೆಯನ್ನು ಊರಿನವರ ಒಪ್ಪಿಗೆಯಿಲ್ಲದೆ ಯಾರ ಕೈಗೂ ಕೊಡಲು ಬಿಡುವುದಿಲ್ಲ ಎಂದಿದ್ದ. ಬುಗ್ಗೆಯ ನೀರು ಬರುವ ಆ ನಲ್ಲಿಗೆ ಬೀಗವಿರಲಿಲ್ಲ. ಬೆಳಗ್ಗೆ ಐದರಿಂದಲೇ ಜನ ಕೊಡಪಾನ, ಬಾಟಲಿ, ಮಕ್ಕಳ ತಳ್ಳುಗಾಡಿಗಳಲ್ಲಿಟ್ಟ ದೊಡ್ಡ ಡಬ್ಬಗಳೊಂದಿಗೆ ಸಾಲು ನಿಲ್ಲುತ್ತಿದ್ದರು. ಈಗ ಬಾಟಲಿ ನೀರಿನ ಕಂಪನಿಯೊಂದು ಇಡೀ ಬುಗ್ಗೆಯನ್ನು ಕೇಳಿತ್ತು. ಅದಕ್ಕೆ ದಾರಿ ಮಾಡಿಕೊಡಲು, ಊರಿನ ಒಪ್ಪಿಗೆಯ ಷರತ್ತನ್ನೇ ಕಿತ್ತುಹಾಕುವ ತಿದ್ದುಪಡಿಯೊಂದು ಸೋಫಿಯಾದ ಸಂಸತ್ತಿಗೆ ಬಂದಿತ್ತು. ಮೊದಲ ವಾಚನದ ದಿನ ಕಲ್ಪಾಕೊವ್ ತಟಸ್ಥನಾಗಿ ಕುಳಿತ. ಎರಡನೆಯದು ಸುಮಾರು ನಲವತ್ತು ದಿನಗಳ ಆಚೆಗಿತ್ತು. ಅದೂ ದಾಟಿದರೆ ನಲ್ಲಿ ಹೋದಂತೆ.

"ಕಂಪನಿಯವ್ರ ಜತೆ ಊಟಕ್ಕೆ ಕೂತ ದಿನಾನೇ ಸತ್ತಿದ್ದು ಅಂತಾರೆ ಜನ," ಎಂದಳು ವೆನೆತಾ.

"ನೋಡಿದವರು ಯಾರು?"

"ಬೇಕರಿಯವಳ ಭಾವಮೈದ."

"ಅವನಿಗೆ ಹೇಳಿದವರು?"

ಪ್ರಯೋಗಾಲಯದಲ್ಲಿ ವೆನೆತಾಳೂ ಇಂಥ ಪ್ರಶ್ನೆಗಳನ್ನು ಕೇಳಿದ್ದವಳೇ. "ಸರಿ, ಆ ಊಟ ಬಿಡು. ಅವನು ತಟಸ್ಥ ಕೂತಿದ್ದು ಸಂಸತ್ತಿನ ನಡಾವಳೀಲಿ ಅಚ್ಚಾಗಿದೆಯಲ್ಲ, ಆ ತಾರೀಕು ಹಾಕು. ಅದನ್ನ ಅವನೂ ಇಲ್ಲ ಅನ್ನೋಕಾಗಲ್ಲ."

"ಫೋಟೋ?"

"ಬದುಕಿರೋರ ಮುಖ ಸಾವಿನ ಚೀಟೀಲಿ ಹಾಕಿದ್ರೆ ಅದು ಶಾಪ ಆಗುತ್ತೆ ಕಣೋ. ಅವನು ನೂರು ವರ್ಷ ಬಾಳಲಿ. ಚೌಕಟ್ಟು ಖಾಲಿ ಬಿಡು."

ಹಾಳೆಯಲ್ಲಿ ಹೀಗೆ ಅಚ್ಚಾಯಿತು: ಒಂದು ವರ್ಷ ಐದು ತಿಂಗಳು ನಮ್ಮೊಡನಿದ್ದು, ಸಂಸದ ಯಾವೊರ್ ಕಲ್ಪಾಕೊವ್ ಅವರು ಚೌಕದ ನಲ್ಲಿಯ ಬಳಿ ಕೊಟ್ಟ ಮಾತು ನಮ್ಮನ್ನು ಅಗಲಿದೆ. ಒಂಬತ್ತನೆಯ ದಿನ ನಲ್ಲಿಯ ಬಳಿ ಸೇರಲಾಗುವುದು. ದುಃಖತಪ್ತರು, ಊರಿನವರು.

"ಇದ್ರಿಂದ ಏನೂ ಆಗಲ್ಲ ಚಿಕ್ಕಮ್ಮ," ಎಂದ ನೈಡೆನ್, ಹಾಳೆಗಳನ್ನು ಸುರುಳಿ ಸುತ್ತುತ್ತ. "ಮನವಿ ಪತ್ರ ಕೊಟ್ರಿ, ಎಂಟುನೂರು ಸಹಿ. ಏನಾಯ್ತು?"

"ಮನವಿ ಪತ್ರಾನ ಅವರು ಕಪಾಟಲ್ಲಿಡ್ತಾರೆ. ಇದನ್ನ ಎಲ್ಲಿಡ್ತಾರೆ?"

ಅವಳ ಎಣಿಕೆ ಅಲ್ಲಿತ್ತು. ಬಲ್ಗೇರಿಯಾದ ಯಾವ ಊರಿನಲ್ಲೂ ಸಾವಿನ ಚೀಟಿಯನ್ನು ಯಾರೂ ಹರಿಯುವುದಿಲ್ಲ. ಬಾಗಿಲಿಗೆ, ಮರಕ್ಕೆ, ಕಂಬಕ್ಕೆ ಅಂಟಿಸಿದ್ದನ್ನು ಮಳೆ ಬಿಸಿಲುಗಳೇ ತೆಗೆಯಬೇಕು. ವೆನೆತಾ ಬೇಕರಿಯ ಬಾಗಿಲು, ಔಷಧಿ ಅಂಗಡಿ, ಚರ್ಚಿನೆದುರಿನ ಮರ, ಕೊನೆಗೆ ಸಂಸದನ ಸ್ಥಳೀಯ ಕಚೇರಿಯ ಪಕ್ಕದ ವಿದ್ಯುತ್ ಕಂಬ ಎಂದು ಮೂವತ್ತು ಕಡೆ ಅಂಟಿಸಿದಳು. ಕಚೇರಿಯ ಗುಮಾಸ್ತೆ ನಗರಸಭೆಗೆ ಫೋನ್ ಮಾಡಿ ತೆಗೆಸಲು ಹೇಳಿದಳು. ಬಂದ ಪೌರಕಾರ್ಮಿಕ ಟೋಪಿ ತೆಗೆದು ಹಾಳೆಯನ್ನು ಪೂರ್ತಿ ಓದಿದ. "ಇದು ನನ್ನ ಕೈಲಾಗಲ್ಲ ತಾಯಿ. ನೀವೇ ಕೀಳಿ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಅವಳೂ ಕೀಳಲಿಲ್ಲ.

ಒಂಬತ್ತನೆಯ ದಿನ ವೆನೆತಾ, ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ, ಆಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನು ದೊಡ್ಡ ಪಾತ್ರೆಯಲ್ಲಿ ನಲ್ಲಿಯ ಬಳಿಗೆ ತಂದಳು. ನೀರಿಗೆ ಬಂದವರು ಒಂದೊಂದು ಚಮಚ ತಿಂದು, ದೇವರು ಕ್ಷಮಿಸಲಿ ಎಂದು ನಗುತ್ತಲೇ ಹೇಳಿದರು. ಜನ ನಗುತ್ತಿರುವಾಗ ಬಂದ ಸಂಸದನ ಮುದಿ ತಾಯಿ ಮಾತ್ರ ನಗಲಿಲ್ಲ. ಕಪ್ಪು ಅಂಚಿನೊಳಗೆ ಮಗನ ಹೆಸರನ್ನು ನೋಡಿದಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ವೆನೆತಾ, ಹೆತ್ತವಳಿಗೆ ಇದನ್ನ ತೋರಿಸ್ತಾರೇನೆ?"

ವೆನೆತಾಳ ಕೈಯಲ್ಲಿದ್ದ ಚಮಚ ನಿಂತಿತು. ಈ ಹೆಂಗಸಿನ ನೆನಪು ಅವಳ ಲೆಕ್ಕದೊಳಗೆ ಬಂದೇ ಇರಲಿಲ್ಲ. "ನಿನ್ನನ್ನ ಮರೆತಿದ್ದೆ, ಅಕ್ಕ. ಅದು ನನ್ನ ತಪ್ಪು," ಎಂದಳು. "ಅವನಿಗೇನೂ ಆಗಲ್ಲ. ಸತ್ತಿರೋದು ಅವನು ಕೊಟ್ಟ ಮಾತು ಮಾತ್ರ."

"ಹಾಗಾದ್ರೆ ಅವನೇ ಬಂದು ಹೇಳ್ಲಿ," ಎಂದ ಮುದುಕಿ ಚಮಚವನ್ನು ಮುಟ್ಟದೆ ಮನೆಗೆ ಹೋಗಿ ಮಗನಿಗೆ ಫೋನ್ ಮಾಡಿದಳು.

ಶುಕ್ರವಾರ ಸಂಸದನ ಭೇಟಿಯ ದಿನ. ಎಷ್ಟೋ ಶುಕ್ರವಾರಗಳಿಂದ ಕಚೇರಿಯಲ್ಲಿ ಸಹಾಯಕರಷ್ಟೇ ಇರುತ್ತಿದ್ದರು. ಈ ಶುಕ್ರವಾರ ಅವನೇ ಬಂದಿದ್ದ. ವೆನೆತಾ ಸಾಕ್ಷಿಗೆಂದು ನೈಡೆನ್‌ನನ್ನು ಕರೆದೊಯ್ದಳು.

"ಚಿಕ್ಕಮ್ಮ, ತಮಾಷೆ ಸಾಕು," ಎಂದ ಕಲ್ಪಾಕೊವ್. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಕಂಪನಿ ಬಂದ್ರೆ ತೊಂಬತ್ತು ಜನಕ್ಕೆ ಕೆಲಸ ಸಿಗುತ್ತೆ."

"ಸಿಗಲಿ. ನಮ್ಮನ್ನ ಕೇಳಿ ಬರಲಿ ಅಂತಷ್ಟೇ ನಾವು ಹೇಳೋದು. ಕೇಳಿದ್ರೆ ಒಪ್ಪಿದ್ರೂ ಒಪ್ತೀವೇನೋ. ಈ ಒಂದೂವರೆ ವರ್ಷದಲ್ಲಿ ಕಂಪನಿಯವ್ರನ್ನ ಎಷ್ಟು ಸಲ ನೋಡಿದೆ, ಯಾವೊರ್?"

"ಲೆಕ್ಕ ಇಟ್ಟಿಲ್ಲ."

"ನಮ್ಮನ್ನ?"

ಅವನು ನೈಡೆನ್‌ನ ಕಡೆ ನೋಡಿದ. ನೈಡೆನ್ ತನ್ನ ಬೂಟುಗಳನ್ನು ನೋಡಿಕೊಂಡ.

"ನಿಮ್ಮಂಥ ಮತದಾರರನ್ನ ಕಳ್ಕೊಳ್ಳೋಕೆ ನನಗೆ ಇಷ್ಟ ಇಲ್ಲ ಚಿಕ್ಕಮ್ಮ. ನಿಮ್ಮ ಒಂದು ಓಟಿನ ಹಿಂದೆ ನೂರು ಓಟು ಇರುತ್ತೆ, ನನಗೆ ಗೊತ್ತಿಲ್ವಾ?"

"ಓಟಿನ ವಿಷಯ ಈಗ ಬೇಡ," ಎಂದಳು ವೆನೆತಾ, ಸ್ವಲ್ಪ ಅವಸರದಿಂದ. "ಎರಡನೇ ವಾಚನದ ದಿನ ಇದರ ವಿರುದ್ಧ ಕೈ ಎತ್ತುತ್ತೀಯೋ ಇಲ್ಲವೋ, ಅದನ್ನ ಹೇಳು."

"ಪಕ್ಷದ ತೀರ್ಮಾನ ಅಂತ ಒಂದಿರುತ್ತೆ."

"ನಲ್ಲಿ ಹತ್ರ ಪಕ್ಷ ನಿಂತಿರಲಿಲ್ಲಪ್ಪ. ನೀನು ನಿಂತಿದ್ದೆ, ನೀಲಿ ಕೋಟು ಹಾಕ್ಕೊಂಡು. ನನ್ನ ಡಬ್ಬ ಎತ್ತಿ ಕೂಡ ಕೊಟ್ಟೆ."

ಕಲ್ಪಾಕೊವ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಕೊಂಡು ಎದ್ದ. ಹೊರಡುವಾಗ ಕಂಬದ ಮುಂದೆ ಅರೆನಿಮಿಷ ನಿಂತ. ಹಾಳೆಯ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅವನು ಕೈಯೆತ್ತಿದಾಗ, ಕಿತ್ತೇಬಿಡುತ್ತಾನೆಂದು ನೈಡೆನ್ ಅಂದುಕೊಂಡ. ಸಂಸದ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿ, ಕಾರು ಹತ್ತಿದ.

ಮೂವತ್ತೆಂಟನೆಯ ದಿನ, ಎರಡನೇ ವಾಚನದಲ್ಲಿ ತಿದ್ದುಪಡಿ ನಾಲ್ಕು ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರ ಪಟ್ಟಿಯಲ್ಲಿ ಕಲ್ಪಾಕೊವ್‌ನ ಹೆಸರಿತ್ತು. ನೈಡೆನ್ ಮುದ್ರಣಾಲಯದ ಬಾಗಿಲಲ್ಲಿ ಸುದ್ದಿ ಹೇಳಿದಾಗ ವೆನೆತಾ ಅಲ್ಲೇ ಕುರ್ಚಿಯಲ್ಲಿ ಕುಳಿತು ಮಂಡಿ ಸವರಿಕೊಂಡಳು.

"ಇದು ನಿಮ್ಮ ಚೀಟಿಯಿಂದಲೇ ಆಯ್ತು ಅನ್ನೋಕಾಗಲ್ಲ ಚಿಕ್ಕಮ್ಮ," ಎಂದ ಅವನು. ಹಾಗೆನ್ನದಿರಲು ಅವನಿಂದ ಆಗಲಿಲ್ಲ. "ಬೇರೆ ಬುಗ್ಗೆಗಳ ಊರುಗಳಲ್ಲೂ ಗಲಾಟೆ ನಡೀತಿತ್ತು. ಅವನೊಬ್ಬ ಕೈ ಎತ್ತದಿದ್ರೂ ತಿದ್ದುಪಡಿ ಬೀಳ್ತಿತ್ತು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ—"

"ನನಗೆ ಪಾಠ ಹೇಳಬೇಡವೋ. ಪ್ರಯೋಗ ಮಾಡಿದ್ದು ಒಂದೇ ಸಲ, ಹೋಲಿಸೋಕೆ ಇನ್ನೊಂದು ವ್ರೆಲೊವೊ ಇಲ್ಲ. ಅಷ್ಟು ನನಗೂ ಗೊತ್ತು." ಅವಳು ನಕ್ಕಳು. "ಕಾಫಿ ಕುಡಿಸ್ತೀಯೋ ಇಲ್ಲವೋ?"

ಸಂಸದನ ತಾಯಿ ಆ ಈಸ್ಟರಿಗೆ ವೆನೆತಾಳ ಮನೆಗೆ ಸಿಹಿ ರೊಟ್ಟಿಯೊಂದನ್ನು ಕಳಿಸಿದಳು, ಒಂದು ಮಾತನ್ನೂ ಕಳಿಸಲಿಲ್ಲ. ಕಲ್ಪಾಕೊವ್ ಅನಂತರ ಶುಕ್ರವಾರಗಳನ್ನು ತಪ್ಪಿಸಲಿಲ್ಲ. ವೆನೆತಾ ಪ್ರತಿ ಬಾರಿಯೂ ಮೊದಲ ಸಾಲಿನಲ್ಲಿ ಕೂತು, ಮಸೂದೆಗಳ ಪ್ರತಿಗಳಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಕೇಳುತ್ತಿದ್ದಳು. ಕೆಲವು ಸಲ ಅವಳದೇ ತಪ್ಪಿರುತ್ತಿತ್ತು. ಆಗ "ಹಾಗೋ, ಸರಿ" ಎಂದು ಅಳಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಹೊರಗೆ ಬಂದ ಮೇಲೆ ಅವಳು ಕೇಳಿದ್ದನ್ನೆಲ್ಲ ನೈಡೆನ್ ಇನ್ನೊಮ್ಮೆ ಪ್ರಶ್ನಿಸುತ್ತಿದ್ದ. ಇಬ್ಬರಿಗೂ ಅದರಲ್ಲೊಂದು ಸುಖವಿತ್ತು.

ನಾಲ್ಕು ವರ್ಷಗಳ ಮೇಲೆ, ನವೆಂಬರಿನ ಒಂದು ಬೆಳಗ್ಗೆ, ಅವಳು ಹಾಸಿಗೆಯಲ್ಲೇ ತೀರಿಕೊಂಡಳು. ಸಂಸದ ಶವಪೆಟ್ಟಿಗೆಗೆ ಹೆಗಲು ಕೊಟ್ಟ.

ನಲವತ್ತನೆಯ ದಿನದ ಚೀಟಿ ಮಾಡಿಸಲು ಅವಳ ತಂಗಿಯ ಮಗಳು ರುಮ್ಯಾನಾ, ಬೆಟ್ಟದಾಚೆಯ ಜಿಲ್ಲೆಯಿಂದ ಬಸ್ಸಿನಲ್ಲಿ ಬಂದಳು. ಮರಣ ನೋಂದಣಿಗೆ ಅಲೆದು ಸುಸ್ತಾಗಿದ್ದಳು. ದೊಡ್ಡಮ್ಮನ ಕಾಯಂ ವಿಳಾಸ ಇನ್ನೂ ತವರಿನದೇ ಆಗಿದ್ದರಿಂದ, ಕಾಗದಗಳನ್ನು ಹಿಡಿದು ಎರಡೂ ಊರುಗಳ ಕಚೇರಿ ಸುತ್ತಬೇಕಾಯಿತಂತೆ.

"ಅಂದ್ರೆ ಓಟು?" ಎಂದು ಕೇಳಿದ ನೈಡೆನ್.

"ಓಟೂ ಅಲ್ಲೇ. ಪ್ರತಿ ಚುನಾವಣೆಗೂ ಬೆಳಗಿನ ಬಸ್ಸಿಗೆ ಬಂದು ನಮ್ಮೂರಲ್ಲೇ ಹಾಕಿ, ನಮ್ಮನೇಲಿ ಉಂಡು ಹೋಗ್ತಿದ್ರು. ಯಾಕೆ, ನಿಮಗೆ ಹೇಳಿರಲಿಲ್ವಾ?"

ವ್ರೆಲೊವೊದ ಮತದಾರರ ಪಟ್ಟಿಯಲ್ಲಿ, ಅವಳು ಅಲ್ಲಿ ಬಾಳಿದ ಐವತ್ತು ವರ್ಷಗಳಲ್ಲಿ ಒಮ್ಮೆಯೂ ವೆನೆತಾಳ ಹೆಸರು ಇರಲಿಲ್ಲ.