ಚಮನಸಾಬನ ಉದ್ದನೆಯ ತಾಸು

ಚಮನಸಾಬನ ಬಗ್ಗೆ ಬರೆಯಲು ಕುಳಿತರೆ ಮೊದಲು ನನ್ನ ಜೇಬುಗಡಿಯಾರದ ಬಗ್ಗೆ ಬರೆಯಬೇಕಾಗುತ್ತದೆ. ಅದು ಜಂಬಕ್ಕಲ್ಲ. ಆ ಗಡಿಯಾರವನ್ನು ನಂಬಿದ್ದರೆ ನನಗೆ ಒಂದು ವರ್ಷ ಮೊದಲೇ ಬುದ್ಧಿ ಬರುತ್ತಿತ್ತು. ಜೇವರ್ಗಿಯ ನನ್ನ ಮಾವನವರು ಮದುವೆಯಲ್ಲಿ ಅದನ್ನು ಕೈಗಿಡುವಾಗ, "ಅಳಿಯಂದ್ರ, ಇದೊಂದು ಸುಳ್ಳು ಹೇಳೂದಿಲ್ಲ ನೋಡ್ರಿ" ಎಂದಿದ್ದರು. ಅವರು ಗಡಿಯಾರವನ್ನು ಹೊಗಳಿದರೋ ನನ್ನನ್ನು ಚುಚ್ಚಿದರೋ ಇಂದಿಗೂ ತಿಳಿದಿಲ್ಲ.

ನಾನು ಆಗ ಆಳಂದದಿಂದ ಜಿಡಗಾದ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ, ಒಂದು ಸಣ್ಣ ಜಾಗೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜಾಗೀರದಾರರು ಹೈದರಾಬಾದಿನಲ್ಲಿ ಇರುತ್ತಿದ್ದರು. ಅವರ ಪರವಾಗಿ ಇಲ್ಲಿ ಆಡಳಿತ ನೋಡುತ್ತಿದ್ದವರು ನಾಯಬರಾದ ಜಹೀರುದ್ದೀನ ಸಾಹೇಬರು. ಊರಿಗೆಲ್ಲ ಇದ್ದ ಒಂದೇ ಗೋಡೆ ಗಡಿಯಾರ ಅವರ ಕೋಣೆಯಲ್ಲಿತ್ತು. ಅದನ್ನು ನೋಡಿಕೊಂಡು ಹೊರಗೆ ಬಂದು, ಬೇವಿನ ಗಿಡಕ್ಕೆ ತೂಗುಬಿಟ್ಟಿದ್ದ ರೈಲುಕಂಬಿಯ ತುಂಡಿಗೆ ಸುತ್ತಿಗೆಯಿಂದ ಹೊಡೆದು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರಿಗೆ ತಾಸು ತಿಳಿಸುವವನು ಜವಾನ ಚಮನಸಾಬ. ಎತ್ತರದ ಆಳು. ಆದರೆ ಕಚೇರಿಯಲ್ಲಿ ಬಾಗಿ ಬಾಗಿ ಸಲಾಮು ಮಾಡುತ್ತಿದ್ದುದರಿಂದ ಆ ಎತ್ತರ ಬಹಳ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಲವತ್ತೇಳರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮಗೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ನಾವು ನಿಜಾಮರ ಸೀಮೆಯವರು. ಬೆಳಿಗ್ಗೆ ಎತ್ತಿನ ಗಾಡಿ ಹೂಡಿದರೆ ಸಂಜೆಯೊಳಗೆ ಸ್ವತಂತ್ರ ಭಾರತವನ್ನು ಮುಟ್ಟಬಹುದಿತ್ತು. ಮರುದಿನ ಅದೇ ಗಾಡಿಯಲ್ಲಿ ಮನೆಗೆ ಬಂದರೆ ಸ್ವಾತಂತ್ರ್ಯ ಹಿಂದೆ ಉಳಿಯುತ್ತಿತ್ತು. ನಡುವೆ ನಿಜಾಮರ ಕಡೆಯ ರಜಾಕಾರರು ಬಂದರಂತೆ, ಅವರ ವಿರುದ್ಧದ ಗಡಿಯಾಚೆಯ ಗುಂಪು ಬಂತಂತೆ ಎಂಬ ಸುದ್ದಿಗಳು ದಿನಕ್ಕೆರಡು ಸಲ ಬರುತ್ತಿದ್ದವು. ಓಣಿಯ ತಾಯಂದಿರೆಲ್ಲ ಸೇರಿ ಒಂದು ಕಾನೂನು ಮಾಡಿದರು. ದೊಡ್ಡವರೊಬ್ಬರು ಜೊತೆಗಿಲ್ಲದೆ ಯಾವ ಮಗುವೂ ಹೊಸ್ತಿಲು ದಾಟುವಂತಿಲ್ಲ, ದೀಪ ಹಚ್ಚುವ ಹೊತ್ತಿಗೆ ಒಳಗಿರಬೇಕು. ಈ ಕಾನೂನಿಗೆ ನಮ್ಮ ಮನೆಯಾಕೆ ಲೀಲಾಬಾಯಿಯೂ ಪ್ಯಾರಿಬಿಯೂ ಒಟ್ಟಿಗೆ ಒಪ್ಪಿದರು. ಪ್ಯಾರಿಬಿ ಚಮನಸಾಬನ ಹೆಂಡತಿ. ನೀರಿನ ಸರದಿಯ ವಿಷಯದಲ್ಲಿ ಅವರಿಬ್ಬರೂ ಅಲ್ಲಿಯವರೆಗೆ ಒಂದು ಮಾತಿಗೂ ಒಪ್ಪಿದವರಲ್ಲ.

ಆ ದೊಡ್ಡವರು ಯಾರು ಎಂಬ ಪ್ರಶ್ನೆ ಬಂದಾಗ ಗಂಡಸರೆಲ್ಲ ಕೆಲಸಸ್ಥರಾದೆವು. ನನಗಂತೂ ಪುರಸೊತ್ತೇ ಇರಲಿಲ್ಲ. ಕಚೇರಿ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಮೂರು ದಿನದ ಹಿಂದಿನ ಪತ್ರಿಕೆ ಓದುವುದಿತ್ತು. ಕೊನೆಗೆ ಮುಂದೆ ಬಂದವನು ಚಮನಸಾಬ.

"ಪೋರಗೋಳು ಮನ್ಯಾಗ ಕುಂತು ಕುಂತು ಬೂಸರ ಬಂದಾವ್ರಿ ರಾವಸಾಬ್ರ. ದಿನಾ ಒಂದೀಟು ಬಿಸಲಿಗಿ ಹಾಕಬೇಕ್ರಿ. ನಾ ಕರಕೊಂಡು ಹೋಗ್ತೇನಿ," ಎಂದ. ಉಪ್ಪಿನಕಾಯಿ ಭರಣಿಯ ಬಗ್ಗೆ ಮಾತಾಡಿದಂತಿತ್ತು.

ಹೇಳಿದ್ದೇನೋ ಆಯಿತು. ಆದರೆ ಐದು ಹೊಡೆದು ಸಾಹೇಬರು ಎದ್ದು ಹೋದ ಮೇಲೆ ಅವನು ಏಳು ಕಿಟಕಿ ಮುಚ್ಚಬೇಕು, ಕೊಡಗಳಿಗೆ ನೀರು ತುಂಬಬೇಕು, ಟಪಾಲನ್ನು ಸಾಹೇಬರ ಮನೆಗೆ ಮುಟ್ಟಿಸಬೇಕು. ಚಳಿಗಾಲದ ಹೊತ್ತು. ಅವನು ಓಣಿಗೆ ಬರುವಷ್ಟರಲ್ಲಿ ಹೆಂಗಸರು ದೀಪದ ಬುರುಡೆ ಒರೆಸುತ್ತಿದ್ದರು. ಅವನ ಮಗಳು ಮುಮತಾಜ, ನನ್ನ ಮಗಳು ಶಾರದಾ, ಇನ್ನೂ ಒಂಬತ್ತು ಮಕ್ಕಳು ಲಗೋರಿಯ ಚಪ್ಪಟೆ ಕಲ್ಲುಗಳನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದು, ಅವನ ಮುಖ ನೋಡಿ ಒಳಗೆ ಹೋದವು. ಮೂರು ದಿನ ಹೀಗಾಯಿತು.

ನಾಲ್ಕನೆಯ ದಿನದಿಂದ ನನ್ನ ಗಡಿಯಾರಕ್ಕೆ ರೋಗ ಅಂಟಿತು.

ಬೆಳಿಗ್ಗೆ ಹತ್ತಕ್ಕೆ ಅದು ಕಚೇರಿಯ ತಾಸಿಗೆ ಸರಿಯಾಗಿ ಇರುತ್ತಿತ್ತು. ಸಂಜೆ ಐದು ಹೊಡೆದಾಗ ನೋಡಿದರೆ ನಾಲ್ಕೂವರೆ. ಮರುದಿನ ಬೆಳಿಗ್ಗೆ ಮತ್ತೆ ಸರಿ. ಮಧ್ಯಾಹ್ನದ ಊಟದ ಮೇಲೆ ಅದಕ್ಕೂ ನನ್ನಂತೆ ಜಡ ಬರುತ್ತದೆಂದು ತಿಳಿದೆ. ಅರ್ಜಿ ಬರೆದು ರಜೆ ಪಡೆದು ಆಳಂದಕ್ಕೆ ಹೋಗಿ ಗಡಿಯಾರ ರಿಪೇರಿಯ ಅಬ್ದುಲ್ ಗನಿಗೆ ತೋರಿಸಿದೆ. ಮೊದಲ ಸಲ ಆತ ಎಣ್ಣೆ ಬಿಟ್ಟ. ಎರಡನೆಯ ಸಲ ತೆಗೆದು ನೋಡಿ ಮುಚ್ಚಿದ. ಮೂರನೆಯ ಸಲ ತೆಗೆಯಲೇ ಇಲ್ಲ.

"ಇದಕ್ಕೇನೂ ಆಗಿಲ್ರಿ ರಾವಸಾಬ್ರ. ಇನ್ನೊಮ್ಮಿ ಬರೂ ಮುಂದ ನಿಮ್ಮ ಕಚೇರಿನ ಹೊತಗೊಂಡು ಬರ್ರಿ, ಅದನ್ನ ಬಿಚ್ಚಿ ನೋಡೂಣು."

ಚೇಷ್ಟೆಯ ಮನುಷ್ಯ ಎಂದುಕೊಂಡು ತಿರುಗಿ ಬಂದೆ. ಸರ್ಕಾರಿ ಗೋಡೆಯ ಮೇಲಿನ ಗಡಿಯಾರ ತಪ್ಪಿ, ಮಾವನ ಮನೆಯ ಗಡಿಯಾರ ಸರಿಯಾಗುವುದುಂಟೆ? ಅದೇ ಕಾಲಕ್ಕೆ ಜಹೀರುದ್ದೀನ ಸಾಹೇಬರಿಗೂ ಒಂದು ತೊಂದರೆ ಶುರುವಾಗಿತ್ತು. ಒಂದರಿಂದ ನಾಲ್ಕರವರೆಗೆ ಮಲಗುವುದು ಅವರ ರೂಢಿ. ಈಗೀಗ ಎಷ್ಟು ಮಲಗಿದರೂ ನಿದ್ದೆ ಸಾಲದು ಎಂದು ಹಕೀಮರಿಂದ ಏನೋ ಲೇಹ್ಯ ತರಿಸಿ ನೆಕ್ಕುತ್ತಿದ್ದರು. ಅವರ ರೋಗ, ನನ್ನ ಗಡಿಯಾರದ ರೋಗ ಎರಡಕ್ಕೂ ಮದ್ದು ಮಾಡಿದೆವು. ಎರಡೂ ಒಂದೇ ರೋಗವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಮಾತ್ರ ಕಟ್ಟೆಯ ಮೇಲೆ ಕುಳಿತವನಿಗೆ ಕಣದ ಆಚೆಯ ಬಯಲು ಕಾಣುತ್ತಿತ್ತು. ಹನ್ನೊಂದು ಮಕ್ಕಳ ನಡುವೆ ಚಮನಸಾಬ ನೆಟ್ಟಗೆ ನಿಂತಿರುತ್ತಿದ್ದ. ಬಟ್ಟೆಯ ಚೆಂಡು ಅವನ ಬೆನ್ನಿಗೆ ಬಡಿದರೆ ಸತ್ತವನಂತೆ ಬೀಳುತ್ತಿದ್ದ. ಈ ಜವಾನನಿಗೆ ಇಷ್ಟೊಂದು ಹೊತ್ತು ಎಲ್ಲಿಂದ ಸಿಗುತ್ತದೆ ಎಂದು ನಾನು ಒಂದೆರಡು ಸಲ ಯೋಚಿಸಿದ್ದುಂಟು. ಯೋಚಿಸಿ, ಪತ್ರಿಕೆಯ ಪುಟ ತಿರುವಿದೆ. ಬೇಸಿಗೆಯಲ್ಲಿ ಹಗಲು ಉದ್ದವಾದಾಗ ಗಡಿಯಾರ ತಾನಾಗಿ ವಾಸಿಯಾಯಿತು. ಅಬ್ದುಲ್ ಗನಿಯ ಎಣ್ಣೆ ಕೊನೆಗೂ ಹಿಡಿಯಿತು ಎಂದು ಸಂತೋಷಪಟ್ಟೆ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ಐದಾರು ದಿನಗಳಲ್ಲಿ ನಿಜಾಮರ ರಾಜ್ಯ ಮುಗಿಯಿತು ಎಂದರು. ಮುಗಿದದ್ದು ಯಾವುದು, ಉಳಿದದ್ದು ಯಾವುದು ಎಂದು ಮಾತ್ರ ಯಾರೂ ಪಟ್ಟಿ ಕೊಡಲಿಲ್ಲ. ಕಚೇರಿ ಇತ್ತು, ನಾಯಬರಿದ್ದರು, ನಾನೂ ಇದ್ದೆ. ಧರ್ಮಶಾಲೆಯಲ್ಲಿ ಉತ್ತರದ ಕಡೆಯ ಒಬ್ಬ ಎಳೆಯ ಮಿಲಿಟರಿ ಸಾಹೇಬರು ಠಾಣ್ಯ ಹೂಡಿದರು. ಸಂಜೆ ಆರರಿಂದ ಬೆಳಗಿನವರೆಗೆ ಕರ್ಫ್ಯೂ, ಅದಕ್ಕಾಗಿ ಇನ್ನು ಮೇಲೆ ಆರರ ತಾಸನ್ನೂ ಹೊಡೆಯಬೇಕು ಎಂದು ಹುಕುಂ ಆಯಿತು.

ಆ ಸಾಹೇಬರ ಅವಸ್ಥೆ ನನಗಿಂತ ಕಷ್ಟದ್ದು. ಬಂದ ಹೊಸದರಲ್ಲಿ ತಾರೀಖು ಎಷ್ಟು ಎಂದು ಕೇಳಿದರು. ನಮ್ಮ ಫಸಲಿ ಲೆಕ್ಕದ ಪ್ರಕಾರ ಆಜೂರ್ ತಿಂಗಳು, ಸಾವಿರದ ಮುನ್ನೂರಾ ಐವತ್ತೆಂಟನೆಯ ಇಸವಿ ಎಂದೆ. ಅವರು ಆರುನೂರು ವರ್ಷ ಹಿಂದಕ್ಕೆ ಬಿದ್ದವರಂತೆ ನನ್ನನ್ನು ನೋಡಿದರು. ಶುಕ್ರವಾರ ಬಂದರೆ ಕಚೇರಿಗೆ ಬೀಗ, ರವಿವಾರ ಬಂದರೆ ಕಚೇರಿ ತೆರೆದಿದೆ. ಬಾಳೆಹಣ್ಣು ಕೊಂಡು ಭಾರತದ ಕಲ್ದಾರ್ ರೂಪಾಯಿ ಕೊಟ್ಟರೆ ಅಂಗಡಿಯವಳು ನಿಜಾಮರ ಹಾಲಿ ಚಿಲ್ಲರೆ ತಿರುಗಿ ಕೊಟ್ಟಳು. ಯಾವುದಕ್ಕೆ ಯಾವುದು ಎಷ್ಟು ಎಂದು ಅವರಿಗೆ ತಿಳಿಯಲಿಲ್ಲ, ನಾನು ವಿವರಿಸಿದ ಮೇಲೆ ನನಗೂ ತಿಳಿಯದಂತಾಯಿತು.

ಅಕ್ಟೋಬರಿನಲ್ಲಿ ನನ್ನ ಗಡಿಯಾರಕ್ಕೆ ರೋಗ ಮರುಕಳಿಸಿತು. ಒಂದು ವಾರದ ಮೇಲೆ ನಮ್ಮನ್ನೆಲ್ಲ ಧರ್ಮಶಾಲೆಗೆ ಕರೆಸಿದರು. ಮೇಜಿನ ಮೇಲೆ ತಾಸು ಹೊಡೆಯುವ ಸುತ್ತಿಗೆ ಇತ್ತು. ಚಮನಸಾಬ ಅದರ ಮುಂದೆ ನಿಂತಿದ್ದ.

ಮಿಲಿಟರಿ ಸಾಹೇಬರು ತಮ್ಮ ಕೈಗಡಿಯಾರ ತೋರಿಸಿ ಹೇಳಿದ್ದು ಇಷ್ಟು. ಈತ ದಿನಾ ಐದರ ತಾಸನ್ನು ನಾಲ್ಕೂವರೆಗೆ ಹೊಡೆಯುತ್ತಾನೆ, ಆರರದ್ದನ್ನು ಸರಿಯಾಗಿ ಆರಕ್ಕೇ ಹೊಡೆಯುತ್ತಾನೆ. ಐದರಿಂದ ಆರಕ್ಕೆ ಒಂದೂವರೆ ತಾಸು! ಇದು ಯಾರಿಗೆ ಕೊಡುವ ಸಂಕೇತ? ಅಡಗಿರುವ ರಜಾಕಾರರು ಎಲ್ಲಿದ್ದಾರೆ?

ಆ ದಿನಗಳಲ್ಲಿ ಚಮನಸಾಬನಂಥವನ ಮೇಲೆ ಇಂಥ ಮಾತು ಬಂದರೆ ಮುಂದೇನಾಗಬಹುದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೋದವರು ತಿರುಗಿ ಬಾರದ ಊರುಗಳ ಹೆಸರು ನಮಗೆಲ್ಲ ಗೊತ್ತಿತ್ತು. ಜಹೀರುದ್ದೀನ ಸಾಹೇಬರು ತಾವು ಆ ಹೊತ್ತಿನಲ್ಲಿ ಕಡತಗಳಲ್ಲಿ ಮುಳುಗಿರುತ್ತೇವೆಂದೂ ತಮಗೇನೂ ತಿಳಿಯದೆಂದೂ ಹೇಳಿದರು. ಬೇರೆ ಯಾರ ಬಳಿ ಗಡಿಯಾರವಿದೆ ಎಂದು ಮಿಲಿಟರಿ ಸಾಹೇಬರು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

ಜೇಬಿನಿಂದ ತೆಗೆದೆ. ಸಾಹೇಬರದಕ್ಕೂ ನನ್ನದಕ್ಕೂ ಒಂದು ನಿಮಿಷದ ವ್ಯತ್ಯಾಸವಿರಲಿಲ್ಲ.

ಒಂದು ವರ್ಷ! ಮೂರು ಸಲ ಆಳಂದ! ನನ್ನ ಗಡಿಯಾರ ಸರಿಯಾಗಿತ್ತು. ನಾಯಬರು ಮಲಗಿದಾಗ ಮುಳ್ಳನ್ನು ಅರ್ಧ ತಾಸು ಮುಂದೆ ತಳ್ಳಿ, ಸಂಜೆ ಅವರು ಮನೆಗೆ ಹೋದ ಮೇಲೆ ಹಿಂದೆ ಎಳೆಯುತ್ತಿದ್ದವನು ನನ್ನ ಎದುರಿಗೇ ನಿಂತಿದ್ದ. ಮಾವನವರ ಮಾತು ಗೆದ್ದಿತು ಎಂದು ಕೂಗಿ ಹೇಳಬೇಕೆಂದು ನಾಲಿಗೆ ತುರಿಸಿತು. ಸುಳ್ಳೇಕೆ, ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಕಿಟಕಿಯ ಹೊರಗೆ ಮುಮತಾಜ, ಶಾರದಾ ಕಂಡರು. ಲಗೋರಿಯ ಕಲ್ಲು ಎದೆಗವಚಿಕೊಂಡು, ಮೊದಲ ಮೂರು ದಿನ ಬಾಗಿಲಲ್ಲಿ ನಿಂತಂತೆಯೇ ನಿಂತಿದ್ದರು.

ತೆರೆದ ಬಾಯಿಂದ ಏನಾದರೂ ಬರಲೇಬೇಕಲ್ಲ. ನನ್ನ ಕಚೇರಿ ಉರ್ದುವಿನಲ್ಲಿ ಹೀಗೆಂದೆ: "ಹುಜೂರ್, ಐದರ ತಾಸು ಹಾಲಿ, ಆರರದ್ದು ಕಲ್ದಾರ್."

ಹೇಳಿದ ಮೇಲೆ ಅರ್ಥ ಹಚ್ಚುವ ಕೆಲಸ ನನ್ನ ಪಾಲಿಗೇ ಬಂತು. ಕಚೇರಿ ಬಿಡುವ ತಾಸು ಜಾಗೀರಿನದು, ಅದು ಹಳೆಯ ಪದ್ಧತಿಯಂತೆ ಬೀಳುತ್ತದೆ. ಕರ್ಫ್ಯೂವಿನ ತಾಸು ತಮ್ಮದು, ತಮ್ಮ ಪದ್ಧತಿಯಂತೆ ಬೀಳುತ್ತದೆ. ತಿಂಗಳು ಎರಡು, ಇಸವಿ ಎರಡು, ರೂಪಾಯಿ ಎರಡು ಇರುವಲ್ಲಿ ವೇಳೆಯೂ ಎರಡು ಇದೆ, ಬದಲಾಯಿಸಲು ಇನ್ನೂ ಹುಕುಂ ಬಂದಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವಿರಬಹುದೆನಿಸಿತು.

ಮಿಲಿಟರಿ ಸಾಹೇಬರು ಎರಡೂ ಕೈಯಿಂದ ಹಣೆ ಒತ್ತಿಕೊಂಡರು. ಬಾಳೆಹಣ್ಣಿನ ಚಿಲ್ಲರೆ ನೆನಪಾಗಿರಬೇಕು. ಕೊನೆಗೆ ಬರೆದುಕೊಂಡರು: ಕಚೇರಿಯ ತಾಸು ಹುಕುಂ ಬರುವವರೆಗೆ ಹಾಗೇ ಇರಲಿ, ಕರ್ಫ್ಯೂ ಮಾತ್ರ ಇನ್ನು ತಾಸಿನ ಮೇಲಲ್ಲ, ಸೂರ್ಯ ಮುಳುಗಿದ ಮೇಲೆ. ಪೆನ್ನು ಮುಚ್ಚುವಾಗ ಸಂಶಯದಿಂದ ನನ್ನನ್ನು ಕೇಳಿದರು: "ಸೂರ್ಯ ಒಬ್ಬನೇ ತಾನೆ?"

"ಸದ್ಯಕ್ಕೆ ಒಬ್ಬನೇ ಹುಜೂರ್," ಎಂದೆ.

ಸುತ್ತಿಗೆಯನ್ನು ತಿರುಗಿ ಕೊಟ್ಟರು. ಹೊರಗೆ ಬಂದ ಚಮನಸಾಬ ನನಗೆ ಸಲಾಮು ಮಾಡಲು ಬಾಗಿದ, ಬಾಗಿದವನಿಗೆ ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಮನೆಯಲ್ಲಿ ಈ ಗುಟ್ಟನ್ನು ನಾನೇ ಪತ್ತೆಹಚ್ಚಿದವನಂತೆ ಹೇಳಿದರೆ ಲೀಲಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇಡೀ ಓಣಿಗಿ ಗೊತ್ತದ. ನಿಮಗ ಗೊತ್ತಾದ್ರ ನಿಂತ ಹೋಗ್ತದಂತ ಯಾರೂ ಹೇಳಲಿಲ್ಲ."

ಡಿಸೆಂಬರಿನಲ್ಲಿ ಜಹೀರುದ್ದೀನ ಸಾಹೇಬರು ಹೈದರಾಬಾದಿಗೆ ಹೊರಟರು. ಗೋಡೆ ಗಡಿಯಾರ ಅವರ ಸ್ವಂತದ್ದೆಂದು ಆಗ ತಿಳಿಯಿತು. ಗಾದಿಯ ಮೇಲೆ ಮಲಗಿಸಿಕೊಂಡು ಗಾಡಿಯಲ್ಲಿ ಒಯ್ದರು. ಮರುದಿನ ಸಂಜೆ ಗೋಡೆಯ ಬಿಳಿಯ ಗುರುತಿನ ಕೆಳಗೆ ಚಮನಸಾಬ ಸುತ್ತಿಗೆ ಹಿಡಿದು ಬಂದು ನಿಂತ. ತಳ್ಳಲು ಅವನಿಗೆ ಮುಳ್ಳೇ ಇರಲಿಲ್ಲ. ಊರಿನ ವೇಳೆಯೆಲ್ಲ ಈಗ ನನ್ನ ಜೇಬಿನಲ್ಲಿತ್ತು.

"ಎಷ್ಟಾತ್ರಿ ರಾವಸಾಬ್ರ?"

ತೆಗೆದು ನೋಡಿದೆ. ನಾಲ್ಕೂ ಇಪ್ಪತ್ತೆಂಟು. ಚಮನಸಾಬ ನೆಲ ನೋಡುತ್ತಿದ್ದ. ಚಳಿಗಾಲದ ಬಿಸಿಲು ಬೇವಿನ ಗಿಡದ ಬುಡದಿಂದ ಆಗಲೇ ಜಾರುತ್ತಿತ್ತು.

"ಐದು ಹೊಡಿ," ಎಂದೆ.

ಅವನು ಹೊಡೆದ. ಐದನೆಯ ಪೆಟ್ಟು ಇನ್ನೂ ಗುಂಯ್‌ಗುಡುತ್ತಿರುವಾಗಲೇ ಕಿಟಕಿಗಳನ್ನು ಮುಚ್ಚಲು ಓಡಿದ. ಏಳರಲ್ಲಿ ಮೂರನ್ನು ಆ ದಿನ ನಾನು ಮುಚ್ಚಿದೆ. ಆಮೇಲೆ ಕಟ್ಟೆಯ ಕಡೆ ಹೊರಟವನನ್ನು ಶಾರದಾ ಕೈಹಿಡಿದು ಬಯಲಿಗೆ ಎಳೆದಳು. ಎಲ್ಲಿ ನಿಲ್ಲಬೇಕು, ಯಾರ ಕಡೆ ನಾನು, ಯಾವಾಗ ಓಡಬೇಕು ಎಂದು ಕೇಳುತ್ತಿರುವಾಗಲೇ ಬಟ್ಟೆಯ ಚೆಂಡು ಬಂದು ಬೆನ್ನಿಗೆ ಬಿತ್ತು.

"ರಾವಸಾಬ್ರ, ಬೀಳ್ರಿ," ಎಂದು ಚಮನಸಾಬ ದೂರದಿಂದ ಹೇಳಿದ. ಬಿದ್ದೆ.